ನರತಂತುವಿನೊಳಗಿನ ನಿಧಾನ ಸಾಗಣೆಯನ್ನು ನಾನು ಅಳೆದ ಬಗೆ

ನರಕೋಶದ ಪ್ರೋಟೀನ್‌ಗಳಲ್ಲಿ ಬಹುಪಾಲು ತಯಾರಾಗುವುದು ಕೋಶಕಾಯದಲ್ಲಿ. ಅವು ತಲುಪಬೇಕಾದ ಆಕ್ಸಾನ್‌ನ (ಕೋಶಕಾಯದಿಂದ ಹೊರಟ ಉದ್ದನೆಯ ಎಳೆ, ಅಂದರೆ ನರತಂತು) ತುದಿ ಒಮ್ಮೊಮ್ಮೆ ಒಂದು ಮೀಟರ್ ದೂರದಲ್ಲಿರುತ್ತದೆ. ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲದ ವಿಕಿರಣಶೀಲ ರೂಪವನ್ನು ಕೋಶಕಾಯಗಳ ಬಳಿ ಚುಚ್ಚಿ, ಬಳಿಕ ನರವನ್ನು ತುಂಡುತುಂಡಾಗಿ ಕತ್ತರಿಸಿ ಅಳೆದ ಹಳೆಯ ಪ್ರಯೋಗಗಳು, ಪೊರೆಯ ಪುಟ್ಟ ಚೀಲಗಳಾದ ಕೋಶಿಕೆಗಳಲ್ಲಿ ಸಾಗುವ ಪ್ರೋಟೀನ್‌ಗಳಿಗೆ ದಿನಕ್ಕೆ 200ರಿಂದ 400 ಮಿ.ಮೀ. ವೇಗವನ್ನೂ, ಆಕ್ಸಾನ್‌ಗೆ ಒಳಗಿನಿಂದ ಆಧಾರ ಕೊಡುವ ಸೂಕ್ಷ್ಮ ತಂತುವಾದ ನ್ಯೂರೋಫಿಲಮೆಂಟ್‌ನಂತಹ ರಚನಾ ಪ್ರೋಟೀನ್‌ಗಳಿಗೆ ದಿನಕ್ಕೆ ಒಂದು ಮಿ.ಮೀ.ಗಿಂತ ಹೆಚ್ಚಿಲ್ಲದ ವೇಗವನ್ನೂ ತೋರಿಸಿದ್ದವು. ಈ ನಿಧಾನಗತಿಯನ್ನು ಜೀವಂತ ಕೋಶದಲ್ಲೇ ನೋಡಬೇಕೆಂಬುದು ನನ್ನ ಆಸೆಯಾಗಿತ್ತು.

ಕೋಶಗಳು ಅಂಟಿಕೊಳ್ಳಲು ನೆರವಾಗುವ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಲೇಪಿಸಿದ ಗಾಜಿನ ಮೇಲೆ ನವಜಾತ ಇಲಿಯ ನರಕೋಶಗಳನ್ನು ಬೆಳೆಸಿ, ಹಸಿರಾಗಿ ಹೊಳೆಯುವ ಪ್ರೋಟೀನನ್ನು ನ್ಯೂರೋಫಿಲಮೆಂಟ್‌ಗೆ ಜೋಡಿಸಿದೆ. ಎಳೆಯ ಆಕ್ಸಾನ್‌ಗಳಲ್ಲಿ ಈ ತಂತುಗಳು ವಿರಳವಾಗಿದ್ದು ನಡುನಡುವೆ ಖಾಲಿ ಜಾಗಗಳಿರುತ್ತವೆ. ಒಂಟಿ ತಂತುವೊಂದು ಹಾದುಹೋಗುವುದು ಸ್ಪಷ್ಟವಾಗಿ ಕಾಣುವುದು ಅಲ್ಲಿ ಮಾತ್ರ. ತಾಪಮಾನ 37 ಡಿಗ್ರಿಯಿಂದ ಇಳಿಯದಂತೆ ನೋಡಿಕೊಳ್ಳುವುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಟ್ಟೆ, ಏಕೆಂದರೆ ಸರಕು ಹೊರುವ ಮೋಟಾರ್ ಪ್ರೋಟೀನ್‌ಗಳಾದ ಕೈನೆಸಿನ್ ಮತ್ತು ಡೈನೀನ್ ಎರಡೂ ತಂಪಿನಲ್ಲಿ ನಿಧಾನವಾಗುತ್ತವೆ, ಮತ್ತು ಆಗ ಅಳೆದ ವೇಗ ಕೋಶದ್ದಲ್ಲ, ಕೊಠಡಿಯದ್ದು. ಕೋಶಗಳಿಗೆ ಹಾನಿಯಾಗದಿರಲೆಂದು ಬೆಳಕನ್ನೂ ಆದಷ್ಟು ಮಂದವಾಗಿಟ್ಟೆ.

ಸೂಕ್ಷ್ಮದರ್ಶಕದಲ್ಲಿ ಒಂದರ ಹಿಂದೊಂದು ತೆಗೆದ ಚಿತ್ರಗಳಿಂದ ಕೈಮೋಗ್ರಾಫ್ ಎಂಬ ನಕ್ಷೆ ರಚಿಸಿದೆ: ಅಡ್ಡಕ್ಕೆ ದೂರ, ಉದ್ದಕ್ಕೆ ಕಾಲ. ಓರೆಗೆರೆ ಇದ್ದರೆ ತಂತು ಚಲಿಸುತ್ತಿದೆ, ನೇರ ನಿಂತ ಗೆರೆ ಇದ್ದರೆ ನಿಂತಿದೆ ಎಂದರ್ಥ. ಕೋಶಕಾಯ ಯಾವ ಬದಿಗಿದೆ ಎಂಬುದನ್ನು ಚಿತ್ರೀಕರಣಕ್ಕೆ ಮುನ್ನವೇ ಗುರುತಿಸಿಕೊಂಡಿದ್ದರಿಂದ, ತುದಿಯತ್ತ ಹೋಗುವವನ್ನೂ ಹಿಂದಿರುಗುವವನ್ನೂ ಬೇರ್ಪಡಿಸಲು ಸಾಧ್ಯವಾಯಿತು.

ಗೆರೆಗಳು ತೋರಿಸಿದ್ದು ನಿಧಾನದ ನಡಿಗೆಯನ್ನಲ್ಲ. ಚಲಿಸುವಾಗ ತಂತು ಸೆಕೆಂಡಿಗೆ ಸುಮಾರು ಅರ್ಧ ಮೈಕ್ರೋಮೀಟರ್ ಓಡುತ್ತದೆ; ನಿಲ್ಲದೆ ಓಡಿದ್ದರೆ ದಿನಕ್ಕೆ 43 ಮಿ.ಮೀ. ಕ್ರಮಿಸಬೇಕಿತ್ತು. ಆದರೆ ಅದು ಬಹುಕಾಲ ನಿಂತೇ ಇರುತ್ತದೆ, ಕೆಲವೊಮ್ಮೆ ದಿಕ್ಕನ್ನೂ ಬದಲಿಸುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನೇ ಹೇಳಿದ್ದವು. ಆದರೂ ಸ್ವತಃ ನೋಡಿದಾಗ ಆದ ಸಂತೋಷ ಬೇರೆಯೇ.

ಹಾಗಾಗಿ ನಾನು ಈಗ ಸರಾಸರಿ ವೇಗವೊಂದನ್ನೇ ದಾಖಲಿಸುವುದಿಲ್ಲ. ಓಟದ ವೇಗ, ನಿಂತ ಅವಧಿ, ದಿಕ್ಕು ಬದಲಿಸಿದ ಸಂಖ್ಯೆ ಇವನ್ನು ಪ್ರತ್ಯೇಕವಾಗಿ ಬರೆದಿಡುತ್ತೇನೆ. ರೋಗಕಾರಕ ಜೀನ್ ರೂಪಾಂತರವಿರುವ ಕೋಶದಲ್ಲಿ ಸಾಗಣೆ ಕುಂಠಿತವಾದರೆ, ಓಟವೇ ಮಂದವಾಯಿತೋ ಅಥವಾ ನಿಲುಗಡೆಗಳು ದೀರ್ಘವಾದವೋ ಎಂಬುದನ್ನು ಈ ವಿಂಗಡಣೆಯಿಲ್ಲದೆ ತಿಳಿಯಲಾಗದು.