ಆ್ಯಪ್‌ಗೆ ನಿಲ್ಲುವುದನ್ನು ಕಲಿಸಿದ್ದು

ಎಂಟು ವರ್ಷ ಒಂದೇ ಸರ್ವರ್ ಮೇಲೆ ಓಡಿದ ಅಪ್ಲಿಕೇಶನ್ ಅದು. ಬಳಕೆದಾರರು ಫಾರ್ಮ್ ತುಂಬಿ ಚಿತ್ರಗಳನ್ನು ಸೇರಿಸುತ್ತಾರೆ. ವರ್ಕರ್ ಎಂಬ ಹಿನ್ನೆಲೆಯ ಪ್ರೋಗ್ರಾಮ್ ಅದನ್ನೆಲ್ಲ ಜೋಡಿಸಿ ಪಿಡಿಎಫ್ ವರದಿ ಮಾಡಿ ಮೇಲ್ ಕಳುಹಿಸುತ್ತದೆ. ಇದನ್ನು ಹಲವು ಯಂತ್ರಗಳ ಮೇಲೆ ಕಂಟೇನರ್‌ಗಳನ್ನು ಓಡಿಸಿ ನಿಭಾಯಿಸುವ ಕುಬರ್ನೆಟೀಸ್‌ಗೆ ಸಾಗಿಸುವಾಗ ಕಂಟೇನರ್ ಇಮೇಜ್ (ಆ್ಯಪ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿದ ಗಂಟು) ಕಟ್ಟುವುದೇ ದೊಡ್ಡ ಕೆಲಸ ಎಂದುಕೊಂಡಿದ್ದೆ. ಅದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆ್ಯಪ್‌ಗೆ ಸರಿಯಾಗಿ ನಿಲ್ಲುವುದನ್ನು ಕಲಿಸಲು ಮೂರು ವಾರ ಹಿಡಿಯಿತು.

ಮೊದಲ ಪೆಟ್ಟು ಬಿದ್ದದ್ದು ಚಿತ್ರಗಳಿಗೆ. ಹೊಸ ಆವೃತ್ತಿ ಹಾಕಿದ ಮರುಕ್ಷಣ ಹಳೆಯ ಅಪ್‌ಲೋಡ್‌ಗಳೆಲ್ಲ ಮಾಯ. ಕಂಟೇನರ್ ಒಳಗೆ ಬರೆದ ಫೈಲು ಆ ಕಂಟೇನರ್ ಜೊತೆಗೇ ಹೋಗುತ್ತದೆ ಎಂದು ಓದಿದ್ದರೂ ಒಂದು ಫೋಲ್ಡರ್ ನನ್ನ ಕಣ್ಣು ತಪ್ಪಿಸಿತ್ತು. ಚಿತ್ರಗಳನ್ನು ಕಂಟೇನರ್‌ನ ಹೊರಗಿರುವ ಆಬ್ಜೆಕ್ಟ್ ಸ್ಟೋರೇಜ್ ಎಂಬ ಫೈಲು ಸಂಗ್ರಹಕ್ಕೆ ಕಳುಹಿಸಿದೆ, ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ನಿಜಕ್ಕೂ ಕಾಡಿತು. ಪ್ರತಿ ಸಲ ಹೊಸ ಆವೃತ್ತಿ ಹೋದಾಗಲೂ ಎರಡೋ ಮೂರೋ ವರದಿಗಳು ‘ನಡೆಯುತ್ತಿದೆ’ ಎಂಬ ಸ್ಥಿತಿಯಲ್ಲೇ ಉಳಿದುಬಿಡುತ್ತಿದ್ದವು. ಲಾಗ್‌ನಲ್ಲಿ ದೋಷದ ಒಂದು ಸಾಲೂ ಇಲ್ಲ, ಅರ್ಧದಲ್ಲೇ ಮೌನ. ಮೆಮೊರಿ ಸಾಲುತ್ತಿಲ್ಲವೇನೋ ಎಂದು ಎರಡು ಪಟ್ಟು ಕೊಟ್ಟೆ. ಏನೂ ಬದಲಾಗಲಿಲ್ಲ. ಯಾರೋ ತಮ್ಮ ವರದಿಗಾಗಿ ಕಾಯುತ್ತಿದ್ದಾರೆ, ಅದು ಎಂದಿಗೂ ಬರುವುದಿಲ್ಲ ಎನ್ನುವುದು ಆ ದಿನಗಳಲ್ಲಿ ನನ್ನನ್ನು ಮಲಗಲು ಬಿಡಲಿಲ್ಲ.

ಕೊನೆಗೆ ಒಂದು ಸಂಜೆ ಹಳೆಯ ಪಾಡ್ (ಕುಬರ್ನೆಟೀಸ್ ಕಂಟೇನರನ್ನು ಓಡಿಸುವ ಘಟಕ) ಹೋಗುವುದನ್ನೇ ನೋಡುತ್ತ ಕುಳಿತೆ. 30 ಸೆಕೆಂಡು. ಮತ್ತೆ ಮಾಡಿದೆ, ಮತ್ತೆ 30. ತಾನಾಗಿ ಕೆಲಸ ಮುಗಿಸಿ ಹೊರಡುವ ಪ್ರೋಗ್ರಾಮ್ ಪ್ರತಿ ಸಲ ಇಷ್ಟು ಕರಾರುವಾಕ್ಕಾಗಿ ಹೊರಡುವುದಿಲ್ಲ. ನನ್ನ ಯಂತ್ರದಲ್ಲಿ ಅದೇ ಇಮೇಜನ್ನು ಕಂಟೇನರ್ ಓಡಿಸುವ ಡಾಕರ್‌ನಲ್ಲಿ ಓಡಿಸಿ, ಅದನ್ನು ನಿಲ್ಲಿಸುವ ‘ಡಾಕರ್ ಸ್ಟಾಪ್’ ಆದೇಶ ಕೊಟ್ಟೆ: ಸರಿಯಾಗಿ 10 ಸೆಕೆಂಡು, ಪ್ರೋಗ್ರಾಮ್ ಹೇಗೆ ಮುಗಿಯಿತೆಂದು ಹೇಳುವ ಎಕ್ಸಿಟ್ ಕೋಡ್ 137. ಅಂದರೆ 128ಕ್ಕೆ 9 ಸೇರಿದ್ದು. 9 ಎಂದರೆ ಸಿಗ್‌ಕಿಲ್ ಎಂಬ ಸೂಚನೆ, ಮಾತಿಗೆ ಅವಕಾಶವೇ ಇಲ್ಲದ ಸಾವು. ಎರಡೂ ಕಡೆ ಮೊದಲು ಬರುವುದು ನಿಲ್ಲು ಎನ್ನುವ ಸಿಗ್‌ಟರ್ಮ್ ಎಂಬ ಸೂಚನೆ. ಅದಕ್ಕೆ ಉತ್ತರ ಸಿಗದಿದ್ದರೆ ಮಾತ್ರ, ಬೇರೆ ಹೇಳದ ಹೊರತು, ಡಾಕರ್ 10 ಸೆಕೆಂಡು, ಕುಬರ್ನೆಟೀಸ್ 30 ಸೆಕೆಂಡು ಕಾದು ಕೊಲ್ಲುತ್ತವೆ. ಆ ಸೂಚನೆ ನನ್ನ ಪ್ರೋಗ್ರಾಮ್‌ಗೆ ತಲುಪುತ್ತಲೇ ಇರಲಿಲ್ಲ.

ತಪ್ಪು ಆರು ಸಾಲಿನ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿತ್ತು. ಅದು ಡೇಟಾಬೇಸ್ ಬದಲಾವಣೆಗಳನ್ನು ಹಾಕಿ, ಕೊನೆಯ ಸಾಲಿನಲ್ಲಿ ವರ್ಕರನ್ನು ಎಬ್ಬಿಸುತ್ತಿತ್ತು. ಹಾಗಾಗಿ ಕಂಟೇನರ್‌ನ ಒಂದನೇ ನಂಬರಿನ ಪ್ರಾಸೆಸ್ (ಮೊದಲು ಓಡುವ ಪ್ರೋಗ್ರಾಮ್) ಎಂದರೆ ಸ್ಕ್ರಿಪ್ಟನ್ನು ಓಡಿಸುವ ಶೆಲ್. ವರ್ಕರ್ ಅದರ ಮಗು. ಸೂಚನೆ ಶೆಲ್‌ಗೆ ಬರುತ್ತಿತ್ತು, ಶೆಲ್ ಅದನ್ನು ಮಗುವಿಗೆ ದಾಟಿಸುತ್ತಿರಲಿಲ್ಲ. ಕೊನೆಯ ಸಾಲಿನ ಮುಂದೆ ‘ಎಕ್ಸೆಕ್’ ಎಂಬ ಒಂದು ಪದ ಸೇರಿಸಿದೆ. ಶೆಲ್ ತನ್ನ ಜಾಗವನ್ನೇ ವರ್ಕರ್‌ಗೆ ಬಿಟ್ಟುಕೊಟ್ಟಿತು.

ಅಷ್ಟಕ್ಕೇ ಆಗಲಿಲ್ಲ. ಒಂದನೇ ನಂಬರಿನ ಪ್ರಾಸೆಸ್ ತಾನಾಗಿ ಹ್ಯಾಂಡ್ಲರ್ (ಸೂಚನೆ ಬಂದಾಗ ಏನು ಮಾಡಬೇಕೆಂಬ ಕೋಡ್) ಇಟ್ಟುಕೊಳ್ಳದಿದ್ದರೆ ಲಿನಕ್ಸ್‌ನಲ್ಲಿ ಸಿಗ್‌ಟರ್ಮ್ ಅದನ್ನು ಮುಟ್ಟುವುದಿಲ್ಲ. ಅದನ್ನು ಬರೆದೆ: ಸೂಚನೆ ಬಂದೊಡನೆ ಹೊಸ ಕೆಲಸ ತೆಗೆದುಕೊಳ್ಳಬೇಡ, ಕೈಯಲ್ಲಿರುವುದನ್ನು ಮುಗಿಸು, ಡೇಟಾಬೇಸ್ ಸಂಪರ್ಕ ಮುಚ್ಚು, ಹೊರಡು. ನಮ್ಮ ಅತಿ ಉದ್ದದ ವರದಿಗೆ 40 ಸೆಕೆಂಡು ಬೇಕಿದ್ದರಿಂದ ಕಾಯುವ ಅವಧಿಯನ್ನು 60ಕ್ಕೆ ಏರಿಸಿದೆ.

ವೆಬ್ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಪಾಡನ್ನು, ವಿನಂತಿಗಳನ್ನು ಪಾಡ್‌ಗಳಿಗೆ ಹಂಚುವ ಸರ್ವಿಸ್‌ನ ಪಟ್ಟಿಯಿಂದ ತೆಗೆಯುವುದೂ ಅದಕ್ಕೆ ನಿಲ್ಲು ಎನ್ನುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ಪಟ್ಟಿ ಎಲ್ಲೆಡೆ ಬದಲಾಗುವಷ್ಟರಲ್ಲಿ ಕೆಲವು ವಿನಂತಿಗಳು ಮುಚ್ಚಿದ ಬಾಗಿಲಿಗೆ ಬಂದು ಬಡಿಯುತ್ತವೆ. ಸಿಗ್‌ಟರ್ಮ್‌ಗೂ ಮೊದಲು ನಡೆಯುವ ಪ್ರೀಸ್ಟಾಪ್ ಹಂತದಲ್ಲಿ 5 ಸೆಕೆಂಡು ಸುಮ್ಮನೆ ಕಾಯುವಂತೆ ಮಾಡಿದೆ. ಇದು ತೇಪೆ ಎಂದು ಜೊತೆಗಾರರೊಬ್ಬರು ಆಕ್ಷೇಪಿಸಿದರು. ನನ್ನ ಮಟ್ಟಿಗೆ ಇದು ಸರಿಯಾದ ತೇಪೆ. ಈ 5 ಸೆಕೆಂಡೂ ಆ ಕಾಯುವ ಅವಧಿಯೊಳಗೇ ಸೇರುತ್ತದೆ ಎಂಬುದಷ್ಟು ನೆನಪಿರಬೇಕು.

ಸೂಚನೆಯೇ ಇಲ್ಲದೆ ಇಡೀ ಯಂತ್ರ ಆರಿಹೋಗುವುದೂ ಉಂಟು. ಅದಕ್ಕೆ ಹ್ಯಾಂಡ್ಲರ್ ಸಾಲದು. ವರ್ಕರ್ ಒಂದು ಕೆಲಸ ಎತ್ತಿಕೊಂಡಾಗ ಸಮಯ ಬರೆದಿಡುತ್ತದೆ, 5 ನಿಮಿಷ ದಾಟಿದರೂ ಮುಗಿಯದಿದ್ದರೆ ಕೆಲಸ ಮತ್ತೆ ಕ್ಯೂಗೆ ಮರಳುತ್ತದೆ. ಆಗ ಅದೇ ವರದಿ ಎರಡು ಸಲ ತಯಾರಾಗಬಹುದು, ಮೇಲ್ ಮಾತ್ರ ಎರಡು ಸಲ ಹೋಗಬಾರದು. ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಳುಹಿಸುವ ಮೊದಲು ಆ ಸಂಖ್ಯೆಯ ಮೇಲ್ ಈಗಾಗಲೇ ಹೋಗಿದೆಯೇ ಎಂದು ನೋಡುವಂತೆ ಮಾಡಿದೆ. ಈ ಇಡೀ ಪ್ರಯಾಣದಲ್ಲಿ ಹೆಚ್ಚು ಯೋಚನೆ ಬೇಡಿದ್ದು ಇದೇ.

ಈಗ ಯಾವುದೇ ಹೊಸ ಆ್ಯಪ್ ಕೈಗೆ ಬಂದರೂ ಮೊದಲು ‘ಡಾಕರ್ ಸ್ಟಾಪ್’ ಕೊಟ್ಟು ಗಡಿಯಾರ ನೋಡುತ್ತೇನೆ. ಕೈಯಲ್ಲಿ ಕೆಲಸವಿಲ್ಲದಾಗ ಅದು ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. 10 ಸೆಕೆಂಡು ಹಿಡಿದರೆ ಸ್ಟಾರ್ಟ್ ಸ್ಕ್ರಿಪ್ಟ್ ತೆರೆದು ಕೊನೆಯ ಸಾಲಿಗೆ ಹೋಗುತ್ತೇನೆ.