ಟೊಫಿನೊ ಕಡಲತೀರಗಳನ್ನು ಸುತ್ತುವ ಬಗೆ: ಮೊದಲು ಉಬ್ಬರವಿಳಿತದ ಪಟ್ಟಿ, ಆಮೇಲೆ ನಕ್ಷೆ

ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಟೊಫಿನೊ ಮತ್ತು ಯೂಕ್ಲುಲೆಟ್ ಎಂಬ ಎರಡು ಚಿಕ್ಕ ಊರುಗಳಿವೆ. ಇವೆರಡರ ನಡುವಿನ ಸುಮಾರು 40 ಕಿಲೋಮೀಟರ್ ರಸ್ತೆಯ ಪಕ್ಕದಲ್ಲಿರುವ ಕಡಲತೀರಗಳೇ ಆ ದೇಶದ ಸರ್ಫಿಂಗ್‌ಗೆ ತವರುಮನೆ. ವ್ಯಾಂಕೂವರ್, ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಇಲ್ಲಿಗೆ ಬರುವುದುಂಟು. ಮಲ್ಪೆ, ಗೋಕರ್ಣಗಳ ಬೆಚ್ಚನೆಯ ನೀರನ್ನಷ್ಟೇ ಬಲ್ಲವರು ಇಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ನಕ್ಷೆಯನ್ನು ಮುಂದಿಟ್ಟುಕೊಂಡು ಹತ್ತಿರದ ತೀರದಿಂದ ಆರಂಭಿಸಿ, ದೇವಸ್ಥಾನಗಳ ಯಾತ್ರೆಯಂತೆ ಒಂದಾದ ಮೇಲೊಂದನ್ನು ಮುಗಿಸುತ್ತ ಹೋಗುವುದು. ಯಾವ ತೀರಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದನ್ನು ಇಲ್ಲಿ ನಿರ್ಧರಿಸುವುದು ಕಡಲೇ ಹೊರತು ದಾರಿಯ ದೂರವಲ್ಲ. ಆದ್ದರಿಂದ ಪ್ರವಾಸದ ಯೋಜನೆಯನ್ನು ಉಬ್ಬರವಿಳಿತದ ಪಟ್ಟಿಯಿಂದಲೇ ಆರಂಭಿಸಬೇಕು.

ಕೆನಡಾದ ಜಲಮಾಪನ ಇಲಾಖೆಯು ಟೊಫಿನೊ ಬಂದರಿಗೆ ಪ್ರತ್ಯೇಕವಾದ ಪಟ್ಟಿಯನ್ನು ಪ್ರಕಟಿಸುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿದ್ದರೂ ಅವು ಒಂದೇ ಅಳತೆಯವಲ್ಲ. ಎರಡು ಇಳಿತಗಳಲ್ಲಿ ಒಂದು ಮಾತ್ರ ಚೆನ್ನಾಗಿ ಕೆಳಗಿಳಿಯುತ್ತದೆ. ದಕ್ಷಿಣ ಕನ್ನಡದ ಕರಾವಳಿಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ ಮೀಟರಿನ ಸುತ್ತಮುತ್ತ ಇದ್ದರೆ, ಟೊಫಿನೊದಲ್ಲಿ ಅದು 4 ಮೀಟರಿನ ಸಮೀಪಕ್ಕೆ ಹೋಗುತ್ತದೆ. ತೀರಗಳು ಬಹುಮಟ್ಟಿಗೆ ಚಪ್ಪಟೆಯಾಗಿರುವುದರಿಂದ ಬೆಳಿಗ್ಗೆ ನಡೆದಾಡಿದ ನೂರಾರು ಹೆಜ್ಜೆಗಳ ಅಗಲದ ಮರಳು ಮಧ್ಯಾಹ್ನದ ಹೊತ್ತಿಗೆ ನೀರಿನಡಿಯಲ್ಲಿರುತ್ತದೆ. ಪಂಚಾಂಗ ನೋಡುವ ಅಭ್ಯಾಸವಿರುವವರಿಗೆ ಇಲ್ಲೊಂದು ಅನುಕೂಲವಿದೆ: ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ ಈ ಅಂತರ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇನ್ನೊಂದು ಸಂಗತಿ ಪಂಚಾಂಗದಿಂದ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಅತಿ ಕೆಳಗಿನ ಇಳಿತಗಳು ಬೆಳಗಿನ ಹೊತ್ತಿನಲ್ಲಿ ಬರುತ್ತವೆ, ಚಳಿಗಾಲದಲ್ಲಿ ಸಂಜೆ ಕಳೆದ ಮೇಲೆ ಕತ್ತಲಲ್ಲಿ ಬರುತ್ತವೆ. ಬಂಡೆಗಳ ನಡುವಿನ ಹೊಂಡಗಳಲ್ಲಿ ನಕ್ಷತ್ರಮೀನು, ಹಸಿರು ಕಡಲಹೂಗಳನ್ನು ಮಕ್ಕಳಿಗೆ ತೋರಿಸಬೇಕೆಂದರೆ ಮೇ, ಜೂನ್, ಜುಲೈ ತಿಂಗಳುಗಳ ಬೆಳಗನ್ನೇ ಆರಿಸಿಕೊಳ್ಳಬೇಕು. ಪಟ್ಟಿಯ ಗಡಿಯಾರದಲ್ಲಿ ಬೇಸಿಗೆಯ ಹೆಚ್ಚುವರಿ ಒಂದು ಗಂಟೆಯನ್ನು ಸೇರಿಸಿದ್ದಾರೆಯೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಿ. ಒಂದು ಗಂಟೆಯ ತಪ್ಪು ಲೆಕ್ಕ ಇಲ್ಲಿ ಸಣ್ಣದಲ್ಲ.

ಈ ಲೆಕ್ಕವನ್ನು ಕಲಿಯಲು ಚೆಸ್ಟರ್‌ಮನ್ ತೀರಕ್ಕಿಂತ ಒಳ್ಳೆಯ ಜಾಗವಿಲ್ಲ. ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಈ ತೀರದ ನಡುವೆ ಫ್ರ್ಯಾಂಕ್ ದ್ವೀಪವಿದ್ದು, ಇಳಿತದಲ್ಲಿ ಮರಳಿನ ಸೇತುವೆಯೊಂದು ತೆರೆದುಕೊಂಡು ದ್ವೀಪದ ಬುಡದವರೆಗೂ ಕಾಲು ನೆನೆಯದೆ ನಡೆದುಹೋಗಬಹುದು. ನೀರು ಏರುವಾಗ ಎರಡೂ ಬದಿಗಳಿಂದ ಏಕಕಾಲಕ್ಕೆ ಬಂದು ಆ ಸೇತುವೆಯನ್ನು ಮುಚ್ಚುತ್ತದೆ. ಇಳಿತದ ತಳಕ್ಕೆ ಒಂದು ಗಂಟೆ ಮೊದಲು ಹೊರಟು, ನೀರು ಮತ್ತೆ ಏರತೊಡಗಿದ ಕೂಡಲೇ ಮರಳಿಬಿಡುವುದು ಕ್ರಮ. ಏರುವ ನೀರು ಒಂದೇ ವೇಗದಲ್ಲಿ ಏರುವುದಿಲ್ಲವೆಂಬುದನ್ನು ಗಮನಿಸಬೇಕು: ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲಷ್ಟೇ ಕಾಣುತ್ತದೆ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಪಾಲು ನುಗ್ಗುತ್ತದೆ. ಮೊದಲ ಗಂಟೆಯ ನಿಧಾನವನ್ನು ನಂಬಿ ಕುಳಿತವರೇ ಸಾಮಾನ್ಯವಾಗಿ ಸೊಂಟದವರೆಗೆ ನೆನೆದು ಬರುತ್ತಾರೆ. ಹೀಗೆ ನೆನೆದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಉಬ್ಬರದ ನಂತರ ಅಲೆ. ಹವಾಮಾನ ವರದಿಗಳು ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಅವಧಿಯನ್ನು ಸೆಕೆಂಡುಗಳಲ್ಲಿ ಕೊಡುತ್ತವೆ. ಹೊಸಬರು ಎತ್ತರವನ್ನಷ್ಟೇ ಓದುತ್ತಾರೆ. ಹತ್ತಿರದ ಗಾಳಿ ಎಬ್ಬಿಸಿದ ಎರಡು ಮೀಟರಿನ ಅಲೆಗೆ ಆರೇಳು ಸೆಕೆಂಡಿನ ಅವಧಿಯಿರುತ್ತದೆ, ಅದು ಗಲಾಟೆಯ ಅಲೆ. ಅಲಾಸ್ಕಾ ಕೊಲ್ಲಿಯ ಚಂಡಮಾರುತದಿಂದ ಹೊರಟು ಬಂದ, ಹದಿನೈದು ಸೆಕೆಂಡಿನ ಅವಧಿಯ ಅಲೆಯು ಅಷ್ಟೇ ಎತ್ತರದ್ದಾಗಿದ್ದರೂ ಬಹಳ ಹೆಚ್ಚಿನ ಬಲವನ್ನು ಹೊತ್ತು ತಂದಿರುತ್ತದೆ ಮತ್ತು ಬಂಡೆಗಳ ಮೇಲೆ ನಿರೀಕ್ಷೆಗಿಂತ ತೀರಾ ಎತ್ತರಕ್ಕೆ ಏರುತ್ತದೆ. ಇಂಥ ಅಲೆಗಳು ಗುಂಪುಗುಂಪಾಗಿ ಬರುವುದರಿಂದ ನಡುವೆ ಹತ್ತು ನಿಮಿಷ ಕಡಲು ಸುಮ್ಮನಿರುವಂತೆ ತೋರಬಹುದು. ಆದಕಾರಣ ಯಾವುದೇ ಬಂಡೆಯ ಮೇಲೆ ಕಾಲಿಡುವ ಮೊದಲು ಎತ್ತರದ ಜಾಗದಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಬೇಕು. ಒದ್ದೆಯಾಗಿ ಕಪ್ಪಗೆ ಕಾಣುವ ಬಂಡೆ ಅಲೆಯ ಪಾಲಿನದು. ಫೋಟೊ ಎಷ್ಟೇ ಚೆನ್ನಾಗಿ ಬರುವಂತಿದ್ದರೂ ಒಣಗಿದ ಬಂಡೆಯಿಂದ ಕೆಳಗೆ ಇಳಿಯಬಾರದು.

ಮರಳಿನ ಮೇಲೆ ಬಿದ್ದಿರುವ ಬೃಹತ್ ಮರದ ದಿಮ್ಮಿಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಇಳಿತದ ಹೊತ್ತಿನಲ್ಲಿ ಅವು ಕುಳಿತು ಬುತ್ತಿ ಬಿಚ್ಚಲು ಮಾಡಿಟ್ಟ ಬೆಂಚುಗಳಂತೆ ಕಾಣುತ್ತವೆ. ಆದರೆ ಟನ್ನುಗಟ್ಟಲೆ ಭಾರದ ದಿಮ್ಮಿಯನ್ನು ತೇಲಿಸಿ ಉರುಳಿಸಲು ಮೊಣಕಾಲಿನಷ್ಟು ನೀರು ಸಾಕು, ಮತ್ತು ಉಬ್ಬರದ ಸಮಯದಲ್ಲಿ ಅದರ ಮೇಲೆ ನಿಂತ ಮಗುವಿಗೆ ಓಡಲು ಜಾಗವೇ ಇರುವುದಿಲ್ಲ.

ಈ ಎರಡು ಲೆಕ್ಕಗಳು ಕೈಗೆ ಬಂದ ಮೇಲೆ ತೀರವನ್ನು ಆರಿಸುವುದು ಸುಲಭ. ಮೆಕೆಂಜಿ ತೀರದ ಮುಂದೆ ನಡುಗಡ್ಡೆಗಳು ಅಡ್ಡವಿರುವುದರಿಂದ ಅಲೆಗಳು ಸೋತು ಒಳಬರುತ್ತವೆ. ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಇದೇ ಸೂಕ್ತ. ಊರಿನಿಂದ ಕಾಡುದಾರಿಯಲ್ಲಿ ಮೆಟ್ಟಿಲಿಳಿದು ತಲುಪುವ ಟಾಂಕ್ವಿನ್ ತೀರ ಚಿಕ್ಕದು, ಸೂರ್ಯಾಸ್ತಕ್ಕೆ ಒಳ್ಳೆಯದು. ಸರ್ಫಿಂಗ್ ಕಲಿಯುವವರಿಗೆ ಚೆಸ್ಟರ್‌ಮನ್‌ನ ದಕ್ಷಿಣ ಭಾಗ ಅನುಕೂಲ. ಕಾಕ್ಸ್ ಬೇ ತೆರೆದ ಕಡಲಿಗೆ ನೇರವಾಗಿ ಮುಖ ಮಾಡಿದೆ. ಸ್ಪರ್ಧೆಗಳು ನಡೆಯುವುದು ಅಲ್ಲಿಯೇ, ಮತ್ತು ಅದರ ಎರಡೂ ತುದಿಗಳ ಬಂಡೆಗಳ ಪಕ್ಕದಲ್ಲಿ ಬಲವಾದ ಸೆಳವು ಇರುತ್ತದೆ. ಕಲಿತವರು ಮಾಡುವುದನ್ನು ದಡದಲ್ಲಿ ನಿಂತು ನೋಡುವುದಕ್ಕೂ ಅದು ಒಳ್ಳೆಯ ಜಾಗವೇ.

ಕಾಕ್ಸ್ ಬೇ ದಾಟಿ ದಕ್ಷಿಣಕ್ಕೆ ಬಂದರೆ 1970ರಲ್ಲಿ ಸ್ಥಾಪನೆಯಾದ ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನದ ಗಡಿ ಆರಂಭವಾಗುತ್ತದೆ. ಇಲ್ಲಿ ಕಾರು ನಿಲ್ಲಿಸಲು ಉದ್ಯಾನದ ಪಾಸ್ ಬೇಕು. ಒಳಗಿರುವ ಲಾಂಗ್ ಬೀಚ್‌ಗೆ ನನ್ನ ಮಟ್ಟಿಗೆ ಇಡೀ ಒಂದು ದಿನವನ್ನು ಮೀಸಲಿಡಬೇಕು. ಉತ್ತರದ ಇನ್ಸಿನರೇಟರ್ ರಾಕ್ ಬಳಿ ಸರ್ಫರ್‌ಗಳ ಸಂದಣಿ. ಅಲ್ಲಿಂದ ಇಳಿತದ ಹೊತ್ತಿಗೆ ಗಟ್ಟಿ ಮರಳಿನ ಮೇಲೆ ದಕ್ಷಿಣಕ್ಕೆ ನಡೆಯುತ್ತ ಹೋದರೆ ಸಂದಣಿ ಕರಗಿ, ಅಲೆಯ ಸದ್ದು ಮತ್ತು ಹಿಂದಿನ ಕಾಡಿನ ಗೋಡೆ ಮಾತ್ರ ಉಳಿಯುತ್ತವೆ. ದಾರಿಯಲ್ಲಿ ಎದುರಾಗುವ ಲವ್‌ಕಿನ್ ರಾಕ್ ಎಂಬ ದೊಡ್ಡ ಬಂಡೆಯ ಸುತ್ತಲಿನ ಸೆಳವು ಅಪಾಯಕಾರಿ. ಅದರ ಹತ್ತಿರ ನೀರಿಗಿಳಿಯಬಾರದು. ದಕ್ಷಿಣದ ತುದಿಯಲ್ಲಿ ವಿಕಾನಿನಿಷ್ ತೀರವೂ ಕ್ವಿಸಿಟಿಸ್ ಸಂದರ್ಶಕರ ಕೇಂದ್ರವೂ ಇವೆ. ಇದು ನೂ-ಚಾ-ನುಲ್ತ್ ಮೂಲನಿವಾಸಿಗಳ ನಾಡು. ವಿಕಾನಿನಿಷ್ ಎಂಬುದು ಅವರಲ್ಲಿ ಟ್ಲಾ-ಒ-ಕ್ವಿ-ಅಟ್ ಸಮುದಾಯದ ಹದಿನೆಂಟನೆಯ ಶತಮಾನದ ಮುಖಂಡರೊಬ್ಬರ ಹೆಸರು. ತೀರ ನೋಡುವುದಕ್ಕಿಂತ ಮೊದಲು ಈ ಕೇಂದ್ರದಲ್ಲಿ ಅರ್ಧ ಗಂಟೆ ಕಳೆದರೆ, ಕಣ್ಣ ಮುಂದಿರುವುದು ಬರಿಯ ನಿಸರ್ಗವಲ್ಲ, ಸಾವಿರಾರು ವರ್ಷಗಳಿಂದ ಜನ ಬದುಕಿರುವ ಊರು ಎಂಬುದು ತಿಳಿಯುತ್ತದೆ. ಉದ್ಯಾನದ ಉದ್ದಕ್ಕೂ ಸುಮಾರು 25 ಕಿಲೋಮೀಟರ್ ಸಾಗುವ, 2022ರಲ್ಲಿ ತೆರೆದ ಸೈಕಲ್ ಮತ್ತು ಕಾಲುದಾರಿಗೂ ಅವರ ಭಾಷೆಯಲ್ಲಿ ಅಪ್ಸ್‌ಚೀಕ್ ತಾಶೀ ಎಂದೇ ಹೆಸರು. ಪಾರ್ಕಿಂಗ್ ತುಂಬಿಹೋಗುವ ಆಗಸ್ಟ್ ತಿಂಗಳಿನಲ್ಲಿ ಕಾರಿಗಿಂತ ಸೈಕಲ್ಲೇ ಮೇಲು.

ನೀರಿಗಿಳಿಯುವವರಿಗೆ ಕೆಲವು ಮಾತುಗಳು. ಇಲ್ಲಿನ ನೀರು ಚಳಿಗಾಲದಲ್ಲಿ 7 ರಿಂದ 8 ಡಿಗ್ರಿ ಸೆಲ್ಸಿಯಸ್, ಬೇಸಿಗೆಯ ಉತ್ತುಂಗದಲ್ಲೂ 14ರ ಆಸುಪಾಸು. ಮೂಲ್ಕಿಯಲ್ಲಿ ಬರಿಮೈಗೆ ಟಿ-ಶರ್ಟ್ ಹಾಕಿಕೊಂಡು ಸರ್ಫಿಂಗ್ ಕಲಿತವರು ಆ ಧೈರ್ಯವನ್ನು ಇಲ್ಲಿ ತೋರಿಸಬಾರದು. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪಿ ಏದುಸಿರು ಬರುತ್ತದೆ, ಹತ್ತು ನಿಮಿಷದೊಳಗೆ ಕೈಕಾಲುಗಳು ಮಾತು ಕೇಳುವುದನ್ನು ಬಿಡುತ್ತವೆ. ದೇಹದ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಕುಸಿಯುವುದು ಆಮೇಲಿನ ಮಾತು. ಬೇಸಿಗೆಯಲ್ಲಿ ನಾಲ್ಕು ಮಿಲಿಮೀಟರ್, ಚಳಿಗಾಲದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ದಪ್ಪದ ವೆಟ್‌ಸೂಟ್, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು, ಬೇಕು. ಜೊತೆಗೆ ಬೂಟು, ಮತ್ತು ಚಳಿಗಾಲದಲ್ಲಿ ತಲೆಗವಸು, ಕೈಗವಸು ಬೇಕು. ಊರಿನ ಅಂಗಡಿಗಳಲ್ಲಿ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ವೆಟ್‌ಸೂಟ್ ಒಳಗೆ ನುಸುಳಿದ ತೆಳು ನೀರಿನ ಪದರವನ್ನು ಮೈಯೇ ಬಿಸಿ ಮಾಡಿಕೊಳ್ಳುವುದರಿಂದ ಅದು ಮೈಗೆ ಅಂಟಿಕೊಂಡಿರಲೇಬೇಕು. ಸಡಿಲವಾಗಿದ್ದರೆ ಪ್ರತಿ ಅಲೆಗೂ ಹೊಸ ತಣ್ಣೀರು ಹರಿದು ಆ ಶಾಖವನ್ನು ತೊಳೆದುಕೊಂಡು ಹೋಗುತ್ತದೆ. ತೊಡುವುದಕ್ಕೆ ಕಷ್ಟವಾಗುತ್ತದೆಂದು ಒಂದು ಅಳತೆ ದೊಡ್ಡದನ್ನು ಕೇಳಬೇಡಿ; ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಕಾಲು ಸಲೀಸಾಗಿ ಒಳಗೆ ಜಾರುತ್ತದೆ.

ಈ ತೀರಗಳಲ್ಲಿ ಕಾವಲಿಗೆ ಲೈಫ್‌ಗಾರ್ಡ್‌ಗಳಿರುತ್ತಾರೆಂದು ನೆಚ್ಚಿಕೊಳ್ಳಬಾರದು. ಸೆಳವನ್ನು ಗುರುತಿಸುವುದು ನಿಮ್ಮದೇ ಕೆಲಸ. ನೊರೆಯ ಸಾಲುಗಳ ನಡುವೆ ಅಲೆ ಒಡೆಯದೆ, ಕಪ್ಪಗೆ, ಶಾಂತವಾಗಿ ಕಾಣುವ ಓಣಿಯೇ ಸೆಳವು. ಅರಿಯದವರು ಶಾಂತವಾಗಿದೆಯೆಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದತ್ತ ಎದುರೀಜು ಈಜಬಾರದು. ಬೋರ್ಡನ್ನು ಬಿಡದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಕಾಣುವ ಕಡೆಯಿಂದ ಅಲೆಯ ಜೊತೆಗೇ ಹೊರಬರಬೇಕು.

ಕಡಲು ಕೆರಳಿದ ದಿನ ತೀರಕ್ಕಿಳಿಯುವುದನ್ನೇ ಬಿಟ್ಟು ಯೂಕ್ಲುಲೆಟ್‌ನ ವೈಲ್ಡ್ ಪೆಸಿಫಿಕ್ ಟ್ರೇಲ್‌ಗೆ ಹೋಗಿ. 2.6 ಕಿಲೋಮೀಟರಿನ ದೀಪಸ್ತಂಭದ ಸುತ್ತು ಬಂಡೆಗಳ ನೆತ್ತಿಯ ಮೇಲೆ ಸಾಗುತ್ತದೆ, ಚಳಿಗಾಲದ ಅಲೆಗಳು ಕೆಳಗೆ ಸಿಡಿಯುವುದನ್ನು ಅಪಾಯವಿಲ್ಲದೆ ನೋಡಬಹುದು. ಅಲ್ಲಿನ ಆಂಫಿಟ್ರೈಟಿ ದೀಪಸ್ತಂಭದ ಮೊದಲ ಮರದ ಗೋಪುರವನ್ನು ಕಡಲು 1914ರಲ್ಲಿ ಕೊಚ್ಚಿಕೊಂಡು ಹೋದ ಮೇಲೆ ಈಗಿನ ಕುಳ್ಳಗಿನ ಕಾಂಕ್ರೀಟ್ ಕಟ್ಟಡವನ್ನು 1915ರಲ್ಲಿ ಕಟ್ಟಿದರು. ಅದರ ಗಿಡ್ಡ ಆಕಾರಕ್ಕೆ ಕಾರಣವೇನೆಂದು ನವೆಂಬರ್ ತಿಂಗಳಿನಲ್ಲಿ ಬಂದವರಿಗೆ ಹೇಳಬೇಕಾಗಿಲ್ಲ.

ಮಳೆಯ ವಿಷಯದಲ್ಲಿ ಮಲೆನಾಡಿನವರಿಗೆ ಉಪದೇಶ ಬೇಡ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಆಗುಂಬೆಯ ಅರ್ಧಕ್ಕಿಂತ ಕಡಿಮೆ. ಆದರೆ ಇಲ್ಲಿ ಅದು ಚಳಿಯೊಂದಿಗೆ ಬರುವುದರಿಂದ ಒದ್ದೆಯಾದ ಹತ್ತಿ ಬಟ್ಟೆ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಉಣ್ಣೆಯ ಬಟ್ಟೆಯನ್ನೂ ಅದರ ಮೇಲೆ ನೀರು ಹಿಡಿಯದ ಅಂಗಿಯನ್ನೂ ಧರಿಸಿ. ಆಗಸ್ಟ್‌ನಲ್ಲಿ ಮಳೆ ಕಡಿಮೆಯಾದರೂ ಬೆಳಗಿನ ಮಂಜು ಮಧ್ಯಾಹ್ನದವರೆಗೂ ಕವಿದಿರಬಹುದು.

ತಂದ ಬುತ್ತಿಯನ್ನು ತಿಂದು ಮುಗಿಸಿ ಡಬ್ಬಿಯನ್ನು ಕಾರಿನೊಳಗೆ ಬೀಗ ಹಾಕಿ ಇಡಬೇಕು. ಕರಡಿ, ತೋಳ, ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿಯಾದ ಕೂಗರ್‌ಗಳು ಈ ತೀರಗಳಲ್ಲಿ ಓಡಾಡುತ್ತವೆ, ಒಮ್ಮೆ ಮನುಷ್ಯರ ಊಟದ ರುಚಿ ಕಂಡ ತೋಳವನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ನಾಯಿಯನ್ನು ಕರೆತಂದಿದ್ದರೆ ಹಗ್ಗ ಬಿಚ್ಚಬೇಡಿ. ಬಂಡೆಗಳ ಮೇಲಿನ ಮಳಿ, ಚಿಪ್ಪುಗಳನ್ನು ಕಂಡು ಕರಾವಳಿಯವರ ಬಾಯಲ್ಲಿ ನೀರೂರಬಹುದು. ಕುದಿಸಿದರೂ ಹೋಗದ ನಂಜು ಅವುಗಳಲ್ಲಿ ಸೇರಿರುವ ಸಂಭವವಿರುವುದರಿಂದ ಕೀಳಬಾರದು.

ಎಲ್ಲೆಲ್ಲೂ ಕಾಣುವ ನೀಲಿ ಸುನಾಮಿ ಫಲಕಗಳು ಅಲಂಕಾರಕ್ಕಲ್ಲ. 1700ರ ಜನವರಿ 26ರಂದು ಈ ಕರಾವಳಿಯ ಮುಂದಿನ ಕಡಲತಳ ಬಿರಿದು ಮಹಾ ಭೂಕಂಪವಾಯಿತು. 1964ರಲ್ಲಿ ಅಲಾಸ್ಕಾದ ಭೂಕಂಪದ ಅಲೆ ಒಳನಾಡಿನ ಪೋರ್ಟ್ ಅಲ್ಬರ್ನಿ ಪಟ್ಟಣಕ್ಕೂ ನುಗ್ಗಿತು. ತೀರಕ್ಕೆ ಇಳಿಯುವಾಗಲೇ ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ನೋಡಿಟ್ಟುಕೊಂಡು, ನೆಲ ಬಲವಾಗಿ ನಡುಗಿದರೆ ಸೈರನ್‌ಗೆ ಕಾಯದೆ ಹೊರಡಬೇಕು.

ದಾರಿಯ ಲೆಕ್ಕವನ್ನು ಕೊನೆಗೆ ಉಳಿಸಿದ್ದೇನೆ, ಏಕೆಂದರೆ ಅದು ಎಲ್ಲಕ್ಕಿಂತ ಸರಳ. ವ್ಯಾಂಕೂವರ್ ಬಳಿಯ ಹಾರ್ಸ್‌ಶೂ ಬೇಯಿಂದ ನನೈಮೊಗೆ ಫೆರ್ರಿಯಲ್ಲಿ ಸುಮಾರು 1 ಗಂಟೆ 40 ನಿಮಿಷ, ಅಲ್ಲಿಂದ ಟೊಫಿನೊಗೆ ಸುಮಾರು 200 ಕಿಲೋಮೀಟರ್, ತಿರುವುಗಳಿಂದಾಗಿ ಮೂರು ಗಂಟೆ. ಪೋರ್ಟ್ ಅಲ್ಬರ್ನಿಯಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಇರುವುದು ಒಂದೇ ಹೆದ್ದಾರಿ. 2023ರ ಜೂನ್‌ನಲ್ಲಿ ಕ್ಯಾಮರೂನ್ ಬ್ಲಫ್ಸ್ ಕಾಡ್ಗಿಚ್ಚಿನಿಂದ ಅದು ಮುಚ್ಚಿದಾಗ ಊರಿಗೆ ಊರೇ ಪ್ರತ್ಯೇಕವಾಗಿತ್ತು. ಹಿಂದಿರುಗುವ ದಿನ ಎದ್ದ ಕೂಡಲೇ ರಸ್ತೆಯ ಸ್ಥಿತಿಯನ್ನು ನೋಡಿ, ಫೆರ್ರಿಯ ಕಾಯ್ದಿರಿಸಿದ ಹೊತ್ತಿನಿಂದ ಐದು ಗಂಟೆ ಹಿಂದಕ್ಕೆ ಎಣಿಸಿ. ಬೇಸಿಗೆಯಾಗಿದ್ದು ಬೆಳಗಿನ ಇಳಿತ ಆ ಎಣಿಕೆಗಿಂತ ಮುಂಚೆ ಬೀಳುವಂತಿದ್ದರೆ, ಚೆಸ್ಟರ್‌ಮನ್‌ನಲ್ಲಿ ಇನ್ನೊಂದು ನಡಿಗೆಗೆ ಸಮಯವಿದೆ.