ಒಂದು ಕಾಲುಸಂಕ, ಏಳು ಪ್ರಶ್ನೆ: ನನ್ನ ಅನುಭವ

"ಎಲ್‌ಎಕ್ಯೂ ಹಾಕಿ ಸಂಕ ಕಟ್ಟಿಸ್ತೀನಿ ಅಂತೀಯಲ್ಲ, ತಲೆ ಸರಿ ಇದೆಯೇನೋ?" ಒಬ್ಬ ಶಾಸಕರ ಹತ್ತಿರ ಕೆಲಸ ಮಾಡುವ ನನ್ನನ್ನು, ಶಾಸಕರ ಭವನದ ಕ್ಯಾಂಟೀನಿನಲ್ಲಿ ಇನ್ನೊಬ್ಬ ಶಾಸಕರ ಪಿ.ಎ. ಕೇಳಿದ್ದು ಹೀಗೆ. ಎಲ್‌ಎಕ್ಯೂ ಅಂದರೆ ವಿಧಾನಸಭೆಯಲ್ಲಿ ಶಾಸಕರು ಸರ್ಕಾರವನ್ನು ಕೇಳುವ ಪ್ರಶ್ನೆ, ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವ ಹಿರಿಯರು. ಅವರ ದಾರಿ ನಮಗೆಲ್ಲ ಗೊತ್ತಿರುವುದೇ. ಲೆಟರ್‌ಹೆಡ್ಡಿನಲ್ಲಿ ಪತ್ರ, ಸಾಹೇಬರ ಸಹಿ, ಬೆಳಿಗ್ಗೆ ಏಳಕ್ಕೆ ಮಂತ್ರಿಗಳ ಮನೆ ಮುಂದೆ ಕಾಯುವುದು, ಮೇಲೊಂದು ಷರಾ. 'ಪರಿಶೀಲಿಸಿ ಮಂಡಿಸಿ' ಅಂತ ಬರೆಸಿಕೊಂಡರೆ ಅವತ್ತು ಮಸಾಲೆ ದೋಸೆ. ಅಂಥ ಷರಾ ಇರುವ ಪತ್ರದ ಜೆರಾಕ್ಸ್ ನನ್ನ ಹತ್ತಿರ ಹನ್ನೊಂದು ಇವೆ. ಸಂಕ ಮಾತ್ರ ಇರಲಿಲ್ಲ.

ಈಗ ಇದೆ. ಹದಿನೆಂಟು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂ ಕಡೆ ಕಂಬಿ. ಹಿಡಿದ ಕಾಲ ಎರಡೂವರೆ ವರ್ಷ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಮಲೆನಾಡು. ಕ್ಷೇತ್ರದ ಹೆಸರು ಬೇಡ. ಹಳ್ಳದ ಆಚೆ ಇಪ್ಪತ್ತೆರಡೋ ಇಪ್ಪತ್ಮೂರೋ ಮನೆ, ಈಚೆ ಶಾಲೆ, ಡೈರಿ, ಬಸ್ಸು. ಪ್ರತಿ ವರ್ಷ ಮೇ ಕೊನೆಯಲ್ಲಿ ಊರವರೇ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿ ಸಂಕ ಕಟ್ಟುತ್ತಿದ್ದರು. ಮನೆಗೆ ಆರುನೂರು ರೂಪಾಯಿ, ಒಂದು ಆಳು. ಆಗಸ್ಟಿನ ಹೊತ್ತಿಗೆ ಅದು ಕೊಳೆತು ಜಾರುತ್ತಿತ್ತು, ಇಲ್ಲವೇ ಹಳ್ಳದ ಜೊತೆ ಹೋಗಿರುತ್ತಿತ್ತು.

ನನ್ನ ಮೊದಲ ಪ್ರಶ್ನೆಯನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಚುಕ್ಕೆ ಗುರುತಿನದು, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಲ್ಲಿ ಉತ್ತರ ಕೊಡಬೇಕಾದದ್ದು. 'ಮುಗ್ಧ ಮಕ್ಕಳು ಜೀವವನ್ನು ಕೈಯಲ್ಲಿ ಹಿಡಿದು ದಾಟುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ಶುರು. ಮುಗ್ಧ ಮಕ್ಕಳನ್ನು ವಿಧಾನಸಭೆ ಸಚಿವಾಲಯದವರೇ ಹೊಡೆದು ಹಾಕಿದರು. ಪ್ರಶ್ನೆಯಲ್ಲಿ ವಾದ, ಭಾವನೆ ಇರಬಾರದಲ್ಲ. ಉಳಿದದ್ದಕ್ಕೆ ಉತ್ತರ ಬಂತು. (ಅ)ಕ್ಕೆ 'ಬಂದಿದೆ'. (ಆ)ಕ್ಕೆ 'ಸದರಿ ರಸ್ತೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ'. (ಇ)ಕ್ಕೆ 'ಉದ್ಭವಿಸುವುದಿಲ್ಲ'. ಒಟ್ಟು ಏಳು ಪದ. ನಾನು ಬರೆದದ್ದು ಮುಕ್ಕಾಲು ಪುಟ.

ಅವತ್ತಿನಿಂದ 'ಗಮನಕ್ಕೆ ಬಂದಿದೆಯೇ' ಬಿಟ್ಟೆ. ನೀವೂ ಬಿಡಿ.

ತಪ್ಪು ನನ್ನದೇ ಇತ್ತು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ. ಗ್ರಾಮೀಣ ರಸ್ತೆಯಾದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್. ಹಳ್ಳಕ್ಕೆ ಕಿಂಡಿ ಅಣೆಕಟ್ಟು ಕಟ್ಟಿ ಅದರ ಮೇಲೆ ದಾರಿ ಮಾಡುವುದಾದರೆ ಸಣ್ಣ ನೀರಾವರಿ. ಶಾಲೆ ಮಕ್ಕಳ ಹೆಸರಿನಲ್ಲಿ ಕೇಳಿದರೆ 'ಶಾಲಾ ಸಂಪರ್ಕ ಸೇತು' ಯೋಜನೆ. ಹಳ್ಳದ ದಡ ಅರಣ್ಯದ್ದಾದರೆ ಅವರೂ ಸೇರಿಕೊಂಡರು. ಹದಿನೆಂಟು ಮೀಟರಿಗೆ ಇಷ್ಟು ಜನ ವಾರಸುದಾರರು! ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳದೆ ನೋಟಿಸ್ ಕೊಟ್ಟಿದ್ದೆ. ಒಂದು ಅಧಿವೇಶನ ಹಾಳಾಯಿತು.

ಎರಡನೇ ಪ್ರಶ್ನೆ ಇನ್ನೊಂದು ಇಲಾಖೆಗೆ. ಹೆಸರು ಹೇಳುವುದಿಲ್ಲ, ನಾಳೆ ಅವರ ಬಾಗಿಲಿಗೇ ಹೋಗಬೇಕು. ಉತ್ತರ: 'ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.' ಮೂರನೆಯದು ಮತ್ತೆ ಚುಕ್ಕೆ ಗುರುತಿನದು, ಪ್ರಶ್ನೆಗಳ ಸರದಿ ಗೊತ್ತು ಮಾಡುವ ಲಾಟರಿಯಲ್ಲಿ ನಾಲ್ಕನೇ ನಂಬರ್ ಬಂತು. ಸಾಹೇಬರು ಹೊಸ ಜುಬ್ಬಾ ಹಾಕಿಕೊಂಡು ಬಂದಿದ್ದರು. ಮೊದಲ ಪ್ರಶ್ನೆ ಮುಗಿಯುವ ಹೊತ್ತಿಗೆ ಬೇರೆ ಯಾವುದೋ ವಿಷಯಕ್ಕೆ ಒಂದು ಗುಂಪು ಸದನದ ಬಾವಿಗಿಳಿದು (ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ಬಂದು) ಧರಣಿ ಕೂತಿತು. ಅವತ್ತಿನ ಉತ್ತರಗಳನ್ನೆಲ್ಲ ಸದನದ ಮುಂದೆ ಇಟ್ಟು ಮುಗಿಸಿದರು. ನಮ್ಮ ಉತ್ತರ ತೆಗೆದು ನೋಡಿದರೆ ಕಾಪಿ ಪೇಸ್ಟ್, ನಡುವೆ ಬೇರೆ ತಾಲ್ಲೂಕಿನ ಹೆಸರು.

ಆಮೇಲೆ ವಿಧಾನಸಭೆಯ ನಿಯಮ 73ರಲ್ಲಿ ಗಮನ ಸೆಳೆಯುವ ಸೂಚನೆ ಕೊಟ್ಟೆವು. ಸಾಹೇಬರು ಚೆನ್ನಾಗಿಯೇ ಮಾತಾಡಿದರು. ಅಡಿಕೆ ದಬ್ಬೆಯ ಫೋಟೊ ಎತ್ತಿ ತೋರಿಸಿದರು. ಟಿವಿಯಲ್ಲಿ ಬಂತು, ವಾಟ್ಸಾಪಿನಲ್ಲಿ ಓಡಾಡಿತು. ಮಂತ್ರಿಗಳು 'ಮಾನ್ಯ ಸದಸ್ಯರ ಕಳಕಳಿ ಅರ್ಥವಾಗುತ್ತದೆ' ಅಂದರು. ಊರಿನವರು ಮಾತ್ರ ಆ ವರ್ಷವೂ ದಬ್ಬೆ ಕಡಿದರು.

ದಾರಿ ಸಿಕ್ಕಿದ್ದು ಸೆಕ್ಷನ್ ಇಂಜಿನಿಯರ್ ಒಬ್ಬರಿಂದ. ಬೇರೆ ಕೆಲಸಕ್ಕೆ ಹೋದಾಗ ಚಹಾ ಕುಡಿಯುತ್ತಾ ಕೂತಿದ್ದೆವು. "ಸ್ವಾಮಿ, ನಿಮ್ಮ ಪ್ರಶ್ನೆಗೆ ಉತ್ತರ ಬರೆದಿದ್ದು ನಾನೇ" ಅಂದರು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ 'ಎಲ್‌ಎಕ್ಯೂ, ತುರ್ತು' ಅಂತ ಬಂತಂತೆ. ಬೆಳಿಗ್ಗೆ ಒಂಬತ್ತರೊಳಗೆ ಕೊಡಬೇಕು. ಕಳೆದ ವರ್ಷ ಇನ್ನೊಬ್ಬರಿಗೆ ಬರೆದದ್ದನ್ನೇ ತಿದ್ದಿ ಕಳಿಸಿದರಂತೆ. "ನೀವು ಕೇಳಿದ್ದಕ್ಕೆ ಬೇರೆ ಏನು ಬರೆಯೋದು ಹೇಳಿ? ಸಂಕದ ಖರ್ಚಿನ ಅಂದಾಜು ಪಟ್ಟಿ ನಾನು ಯಾವಾಗಲೋ ಕಳಿಸಿದೀನಿ. ಅದು ಎಲ್ಲಿದೆ ಅಂತ ನೀವು ಕೇಳಲೇ ಇಲ್ಲವಲ್ಲ!"

ನಾನು ಅಷ್ಟು ದಿನ ಮಂತ್ರಿಗಳನ್ನು ಪ್ರಶ್ನೆ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಕೇಳುತ್ತಿದ್ದದ್ದು ಇವರನ್ನು. ಇವರ ಹತ್ತಿರ ನಿಜವಾದ ತಾರೀಕು ಇತ್ತು.

ನಾಲ್ಕನೇ ಪ್ರಶ್ನೆ ಮೂರೇ ಸಾಲು, ಚುಕ್ಕೆ ಗುರುತಿಲ್ಲದ್ದು, ಅಂದರೆ ಉತ್ತರ ಬರಹದಲ್ಲಷ್ಟೇ ಬರುವಂಥದ್ದು. (ಅ) ಸದರಿ ಕಾಲುಸಂಕದ ಅಂದಾಜು ಪಟ್ಟಿ ಯಾವ ದಿನಾಂಕದಂದು ಸಲ್ಲಿಕೆಯಾಗಿದೆ; (ಆ) ಪ್ರಸ್ತುತ ಯಾವ ಕಚೇರಿಯಲ್ಲಿದೆ; (ಇ) ಆ ಕಚೇರಿಯಲ್ಲಿ ಎಷ್ಟು ದಿನಗಳಿಂದ ಇದೆ? ಅಷ್ಟೇ. ಮಕ್ಕಳಿಲ್ಲ, ಮಳೆಗಾಲವಿಲ್ಲ.

ಸಾಹೇಬರು ಒಪ್ಪಲಿಲ್ಲ. "ಇದೇನೋ ಗುಮಾಸ್ತನ ಪ್ರಶ್ನೆ ಇದ್ದ ಹಾಗಿದೆ. ಟಿವಿಯವರು ತಿರುಗಿಯೂ ನೋಡಲ್ಲ" ಅಂದರು. ಅವರದ್ದೂ ತಪ್ಪಲ್ಲ. ಶಾಸಕರಿಗೆ ಸದನದಲ್ಲಿ ಎದ್ದು ನಿಲ್ಲಬೇಕು, ಊರವರು ಅದನ್ನು ನೋಡಬೇಕು. ಅವರಿಗೆ ಆನೆ ಹಾವಳಿ ಬಗ್ಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಬರೆದುಕೊಟ್ಟು, ಸಂಕದ್ದನ್ನು ನನಗೆ ಬಿಡಿ ಅಂದೆ.

(ಇ)ಗೆ ಸರಿಯಾದ ಉತ್ತರ ನಾನೂರು ದಿನದ ಮೇಲೆ. ಅದನ್ನು ಕಾಗದದಲ್ಲಿ ಬರೆದು ಮೇಲೆ ಕಳಿಸುವ ಧೈರ್ಯ ಯಾರಿಗಿದೆ? ಉತ್ತರದ ದಿನಕ್ಕೆ ಮೂರು ದಿನ ಮೊದಲು ಸೆಕ್ಷನ್ ಇಂಜಿನಿಯರ್ ಫೋನ್ ಮಾಡಿದರು: "ಸ್ವಾಮಿ, ಫೈಲ್ ಹೊರಟಿತು." ಸದನಕ್ಕೆ ಬಂದ ಉತ್ತರದಲ್ಲಿ (ಇ)ಗೆ ದಿನದ ಲೆಕ್ಕವೇ ಇರಲಿಲ್ಲ. 'ತಾಂತ್ರಿಕ ಮಂಜೂರಾತಿ ನೀಡಲಾಗಿದೆ' ಅಂತಿತ್ತು. ಆ ಉತ್ತರವನ್ನು ಕ್ಯಾಂಟೀನಿನಲ್ಲಿ ಹಿರಿಯರ ತಟ್ಟೆಯ ಪಕ್ಕ ಇಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು. "ಕಾಕತಾಳೀಯ" ಅಂದರು.

ಐದನೇ ಪ್ರಶ್ನೆ ಟೆಂಡರಿನದು. ಎರಡು ಸಲ ಕರೆದರೂ ಯಾರೂ ಹಾಕಿರಲಿಲ್ಲ. ಜಲ್ಲಿ, ಸಿಮೆಂಟು ಕಡೆಯ ಒಂದು ಕಿಲೋಮೀಟರ್ ತಲೆ ಮೇಲೆ ಹೊರಬೇಕು, ಕಟ್ಟುವವನಿಗೆ ಗಿಟ್ಟುವುದಿಲ್ಲ. ಮೊದಲ ಅಂದಾಜು ಹತ್ತೊಂಬತ್ತು ಲಕ್ಷ ಚಿಲ್ಲರೆ ಇತ್ತು, ದರ ಪಟ್ಟಿ ಪರಿಷ್ಕರಣೆಯಾಗಿ ಇಪ್ಪತ್ತೇಳರ ಹತ್ತಿರ ಹೋಯಿತು. ನಾನೂರು ದಿನ ಕೂತದ್ದರ ಬೆಲೆ ಅದು, ಎಂಟು ಲಕ್ಷ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಕೊಡಬಹುದಿತ್ತಲ್ಲ ಅಂತ ಕೇಳಬಹುದು. ವರ್ಷಕ್ಕೆ 2 ಕೋಟಿ, ನಮ್ಮ ಕ್ಷೇತ್ರದಲ್ಲಿ ಇಂಥ ಸಂಕ ಬೇಕಾದ ಹಳ್ಳವೇ ಅರವತ್ತರ ಮೇಲಿವೆ. ಒಂದಕ್ಕೆ ಕೊಟ್ಟರೆ ಉಳಿದವರು ಮನೆ ಮುಂದೆ ಬರುತ್ತಾರೆ.

ಅಷ್ಟರಲ್ಲಿ 2025ರ ಜುಲೈ ಬಂತು. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 470 ಕೋಟಿಯ ಕೆಲಸ, ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಲಿಂಗನಮಕ್ಕಿ ಕಟ್ಟಿದ 60ರ ದಶಕದಿಂದ ಆ ಜನ ಕಾದಿದ್ದರು, ಸಂತೋಷವೇ. ನಮ್ಮ ಊರಿನ ಅಜ್ಜಿಯೊಬ್ಬರು ಫೋನಿನಲ್ಲಿ ಆ ವಿಡಿಯೊ ನೋಡಿ, "ಅಷ್ಟು ದೊಡ್ಡದು ಕಟ್ಟೋಕೆ ಬರುತ್ತೆ, ಇಷ್ಟು ಸಣ್ಣದು ಕಟ್ಟೋಕೆ ಬರಲ್ವಾ ಮಾರಾಯ?" ಅಂದರು. ಸಾಹೇಬರಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಸದನದಲ್ಲಿ ಹೇಳಿಬಿಡುತ್ತಿದ್ದರು.

ಆರನೆಯದು ಅರಣ್ಯದ್ದು. ಕಾರ್ಯಾದೇಶ ಕೈಗೆ ಬಂದ ಮೇಲೆ ಆಕ್ಷೇಪ ಬಂತು, ಆಚೆ ದಡದ ಮೂರು ಗುಂಟೆ ಅರಣ್ಯ, ಎರಡು ಮರ ಅಂತ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಇಲ್ಲಿ ಉಪಯೋಗಕ್ಕೆ ಬಂತು. ರಸ್ತೆ, ಶಾಲೆ, ಅಂಗನವಾಡಿಯಂಥ ಹದಿಮೂರು ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಬೇಕು. ಗ್ರಾಮಸಭೆಗೆ ಜನ ಸೇರಿಸಲು ಎರಡು ಭಾನುವಾರ ಹೋದವು. ಪ್ರಶ್ನೆಯಲ್ಲಿ ನಮ್ಮ ಸಂಕದ ಹೆಸರೇ ಹಾಕಲಿಲ್ಲ. ಜಿಲ್ಲೆಯಲ್ಲಿ 3(2)ರ ಅಡಿ ಎಷ್ಟು ಅರ್ಜಿ ಬಂದಿವೆ, ಪ್ರತಿಯೊಂದೂ ಎಷ್ಟು ದಿನದಿಂದ ಬಾಕಿ ಇದೆ ಅಂತ ಕೇಳಿದೆ. ಪಟ್ಟಿ ತಯಾರಾಗುವ ಹೊತ್ತಿಗೆ ನಮ್ಮದು ಪಟ್ಟಿಯಲ್ಲಿರಲಿಲ್ಲ, ಒಪ್ಪಿಗೆ ಸಿಕ್ಕಿತ್ತು.

ನಡುನಡುವೆ ಇದೇ ಮದ್ದನ್ನು ಬೇರೆ ರೋಗಕ್ಕೂ ಹಚ್ಚಿ ನೋಡಿದೆ. ಬೆಳಗಿನ ಬಸ್ಸು ಸುಮ್ನೆ ರದ್ದಾಗುತ್ತಿತ್ತು. ಡಿಪೊದಿಂದ ತಿಂಗಳುವಾರು ರದ್ದಾದ ಟ್ರಿಪ್ ಎಷ್ಟು ಅಂತ ಕೇಳಿದೆ. ಮೂರು ವಾರ ಬಸ್ಸು ಗಡಿಯಾರದ ಹಾಗೆ ಬಂತು, ಅಧಿವೇಶನ ಮುಗಿಯಿತು, ಮತ್ತೆ ಹಳೇ ಕಥೆ. ಮೊಬೈಲ್ ಟವರ್ ಬಗ್ಗೆ ಹಾಕಿದ್ದು ಒಳಗೇ ಬರಲಿಲ್ಲ. ಟೆಲಿಫೋನು ಕೇಂದ್ರದ ಪಟ್ಟಿಯಲ್ಲಿದೆ, ರಾಜ್ಯದ ಮಂತ್ರಿ ಉತ್ತರ ಕೊಡುವ ಹಾಗಿಲ್ಲ. ಗೊತ್ತಿದ್ದೂ ಹಾಕಿದ್ದೆ, ಊರವರ ಕಾಟಕ್ಕೆ. ಇನ್ನೊಂದು ಸಲ ಒಂದೇ ಅಂಕಿಯನ್ನು ಕೆಳಮನೆಯಲ್ಲಿ ನಮ್ಮವರಿಂದ, ಮೇಲ್ಮನೆಯಲ್ಲಿ ಪರಿಚಯದ ಸದಸ್ಯರಿಂದ ಒಂದೇ ವಾರ ಕೇಳಿಸಿದೆ. ಎರಡು ಉತ್ತರಕ್ಕೂ ತಾಳೆಯೇ ಇಲ್ಲ. ಆ ಎರಡು ಹಾಳೆಯನ್ನು ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಅವಧಿ ಇದೆ, ಬೇಕಾಗುತ್ತದೆ.

ಖರ್ಚಿನ ವಿಷಯ. ಪ್ರಶ್ನೆ ಕೇಳಲು ದುಡ್ಡು ಬೇಡ, ಪ್ರಶ್ನೆಗೆ ಮೊದಲಿನ ಓಡಾಟಕ್ಕೆ ಬೇಕು. ಆರ್‌ಟಿಐ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ನಾನು ತೆಗೆದದ್ದು ಎಂಬತ್ತು ಚಿಲ್ಲರೆ ಪುಟ. ಒಂದು ಅರ್ಜಿ ವಾಪಸ್ ಬಂತು, ಎರಡು ವಿಷಯ ಬೆರೆಸಿದ್ದೆ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದ ಅನ್ನುವ ನಿಯಮ ಮರೆತಿದ್ದೆ. ಬೆಂಗಳೂರಿನ ಬಸ್ ಚಾರ್ಜು, ಜೆರಾಕ್ಸು, ಚಹಾ, ಎಲ್ಲ ಸೇರಿ ಇಪ್ಪತ್ಮೂರು, ಇಪ್ಪತ್ನಾಲ್ಕು ಸಾವಿರ ಆಗಿರಬಹುದು. ಅದರಲ್ಲಿ ದೊಡ್ಡ ಪಾಲು ಬೆಳಗಾವಿಯದು. ಸುವರ್ಣ ಸೌಧದ ಅಧಿವೇಶನ ಬಂತೆಂದರೆ ಅಲ್ಲಿ ರೂಮಿನ ಬಾಡಿಗೆ ಎಷ್ಟಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಒಂದು ರಾತ್ರಿ ಡ್ರೈವರ್ ಜೊತೆ ಕಾರಿನಲ್ಲೇ ಮಲಗಿದೆ, ಡಿಸೆಂಬರಿನ ಚಳಿಯಲ್ಲಿ. ಅರ್ಧದಷ್ಟು ಸಾಹೇಬರು ಕೊಟ್ಟರು. ಉಳಿದದ್ದನ್ನು ಮನೆಯಲ್ಲಿ ಹೇಳಿಲ್ಲ.

ಇನ್ನೊಂದು ಮಾತು. ಎರಡನೇ ಪ್ರಶ್ನೆಯ 'ಕ್ರಮ ವಹಿಸಲಾಗುವುದು' ಅನ್ನು ನಾನು ಎಸೆದಿರಲಿಲ್ಲ. ಸದನಕ್ಕೆ ಕೊಟ್ಟ ಉತ್ತರದಲ್ಲಿ ಹಾಗೆ ಬರೆದರೆ ಅದು ಭರವಸೆ. ಸರ್ಕಾರಿ ಭರವಸೆಗಳ ಸಮಿತಿಗೆ ಸಾಹೇಬರಿಂದ ಒಂದು ಪತ್ರ ಬರೆಸಿದೆ. ಸಮಿತಿಯಿಂದ ಕೇಳಿಕೆ ಹೋದಾಗ ಅನುದಾನದ ಲಭ್ಯತೆ ಹೇಗೋ ಆಯಿತು. ನಮ್ಮಲ್ಲಿ ಜಾಸ್ತಿ ಜನ ಉತ್ತರ ಬಂದ ಕೂಡಲೇ ಫೈಲ್ ಮುಚ್ಚಿಬಿಡುತ್ತಾರೆ. ನಾನೂ ಮುಚ್ಚುತ್ತಿದ್ದೆ.

ಈಚೆ ದಡದಲ್ಲಿ ಸಂಕಕ್ಕೂ ರಸ್ತೆಗೂ ನಡುವೆ ಇನ್ನೂ ನಲವತ್ತು ಅಡಿ ಮಣ್ಣು ತುಂಬಬೇಕು. ಕಟ್ಟಿದವನಿಗೆ ಕೊನೆಯ ಬಿಲ್ ಆಗಿಲ್ಲ, ಅದಕ್ಕೆ ತುಂಬಿಲ್ಲ. ಸದ್ಯಕ್ಕೆ ಊರವರು ಅಲ್ಲಿ ಅಡಿಕೆ ದಬ್ಬೆ ಹಾಸಿದ್ದಾರೆ. ಏಳನೇ ಪ್ರಶ್ನೆ ಅದರದ್ದೇ, ಕಳೆದ ವಾರ ನೋಟಿಸ್ ಕೊಟ್ಟಿದ್ದೇನೆ. ನಿನ್ನೆ ಸೆಕ್ಷನ್ ಇಂಜಿನಿಯರ್ ಫೋನ್ ಮಾಡಿದ್ದರು. "ಸ್ವಾಮಿ, ಈ ಸಲ (ಇ)ನಲ್ಲಿ ಏನು ಕೇಳಿದೀರಿ, ಮೊದಲೇ ಹೇಳಿಬಿಡಿ" ಅಂದರು.